ತಪ್ಪು ಅವರದ್ದು, ಪೆಟ್ಟು ನಿಮ್ಮದು: ರಸ್ತೆ ಅಪಘಾತದ ಪರಿಹಾರ ಪಡೆಯುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಅಪಘಾತವಾದರೆ ಮೊದಲ ವಾರ ಯಾರಿಗೂ ಕಾಗದಪತ್ರದ ಯೋಚನೆ ಬರುವುದಿಲ್ಲ. ಆಪರೇಷನ್ ಯಾವಾಗ, ರಕ್ತ ಸಿಕ್ಕಿತಾ, ದುಡ್ಡು ಯಾರಲ್ಲಿ ಕೇಳುವುದು, ಇಷ್ಟೇ ತಲೆಯಲ್ಲಿ ಓಡುತ್ತಿರುತ್ತದೆ. ಆದರೆ ಪರಿಹಾರದ ಕೇಸ್ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಆ ಒಂದು ವಾರದಲ್ಲಿ ಬರೆದ ನಾಲ್ಕೈದು ಕಾಗದಗಳ ಮೇಲೆ. ಅದಕ್ಕೇ ಈ ಲೇಖನದಲ್ಲಿ ಕೋರ್ಟಿಗಿಂತ ಆಸ್ಪತ್ರೆ ಮತ್ತು ಪೊಲೀಸ್ ಠಾಣೆಯ ಮಾತನ್ನು ಮೊದಲು ಹೇಳುತ್ತೇನೆ.

ಇಲ್ಲಿ ಹೇಳುವುದೆಲ್ಲ ಭಾರತದ ರಸ್ತೆ ಅಪಘಾತಗಳಿಗೆ, ಅದರಲ್ಲೂ ಕರ್ನಾಟಕದಲ್ಲಿ ಗಾಯಗೊಂಡವರಿಗೆ. ಕಾನೂನು 1988ರ ಮೋಟಾರು ವಾಹನ ಕಾಯ್ದೆ. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಪರಿಹಾರಕ್ಕೆ ಸಂಬಂಧಿಸಿದ ಹೊಸ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ಕೇಸ್ ನಡೆಸಿದ ಬಂಧುಗಳು ಹೇಳುವ ಎಷ್ಟೋ ಮಾತು ಈಗ ಹೊಂದುವುದಿಲ್ಲ, ಇದು ನೆನಪಿರಲಿ.

ಮೊದಲು ಚಿಕಿತ್ಸೆ

112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ದುಡ್ಡಿಲ್ಲ ಎಂದು ದೂರದ ಆಸ್ಪತ್ರೆ ಹುಡುಕಬೇಡಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸಾ ಯೋಜನೆ ತಂದಿದೆ. ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಡಿ ಸಿಗುತ್ತದೆ. ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ. ಎಷ್ಟೋ ಕಡೆ ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕ್ಯಾಶುವಾಲ್ಟಿಯಲ್ಲಿ ಹೇಳುವ ಮೊದಲ ಮಾತು

ಇದು ತುಂಬಾ ಮುಖ್ಯ. ಡ್ಯೂಟಿ ಡಾಕ್ಟರು "ಏನಾಯ್ತು?" ಎಂದು ಕೇಳುತ್ತಾರೆ. ಗಾಬರಿಯಲ್ಲಿದ್ದ ತಮ್ಮನೋ ಪಕ್ಕದ ಮನೆಯವರೋ "ಬೈಕಿಂದ ಬಿದ್ದ ಸಾರ್" ಅನ್ನುತ್ತಾರೆ. ಡಾಕ್ಟರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯಗಳ) ರಿಜಿಸ್ಟರಿನಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ: ಬೈಕಿನಿಂದ ಸ್ವತಃ ಬಿದ್ದು ಗಾಯ. ಕಾರು ಬಂದು ಹಿಂದಿನಿಂದ ಗುದ್ದಿದ್ದು ಅಲ್ಲಿ ಬರುವುದೇ ಇಲ್ಲ. ವರ್ಷದ ನಂತರ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯಿಂದ ಅದೇ ರಿಜಿಸ್ಟರ್ ತರಿಸುತ್ತಾರೆ. "ಇವರು ತಾವೇ ಬಿದ್ದಿದ್ದು, ಪರಿಹಾರಕ್ಕಾಗಿ ಆಮೇಲೆ ಒಂದು ಕಾರನ್ನು ತಂದು ಸೇರಿಸಿದ್ದಾರೆ" ಎಂದು ವಾದ ಮಾಡುತ್ತಾರೆ. ಆ ಒಂದು ಸಾಲನ್ನು ಅಳಿಸಲು ಆಗ ಸಾಕ್ಷಿಗಳ ಹಿಂದೆ ಅಲೆಯಬೇಕಾಗುತ್ತದೆ.

ಹಾಗಾಗಿ ಜೊತೆಗೆ ಹೋದವರು ಸ್ಪಷ್ಟವಾಗಿ ಹೇಳಬೇಕು: ಯಾವ ವಾಹನ, ಯಾವ ಕಡೆಯಿಂದ ಬಂದು ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ. ವಾಹನದ ನಂಬರ್ ಗೊತ್ತಿದ್ದರೆ ಅದನ್ನೂ ಹೇಳಿ. ಗೊತ್ತಿಲ್ಲದಿದ್ದರೆ ಊಹೆ ಮಾಡಿ ಹೇಳಬೇಡಿ, "ನಂಬರ್ ಗೊತ್ತಿಲ್ಲ" ಅನ್ನಿ. ಬರೆದದ್ದನ್ನು ಒಮ್ಮೆ ಓದಿ ಹೇಳಲು ಕೇಳಿ. ಖಾಸಗಿ ಆಸ್ಪತ್ರೆಯಾದರೆ ಎಂಎಲ್‌ಸಿ ಮಾಡಿ ಠಾಣೆಗೆ ತಿಳಿಸಿದ್ದಾರಾ ಎಂಬುದನ್ನೂ ವಿಚಾರಿಸಿ. ಬೇರೆ ಆಸ್ಪತ್ರೆಗೆ ಸಾಗಿಸಿದರೆ ಅಲ್ಲೂ ಇದೇ ಮಾತು, ಇದೇ ವಿವರ. ಎರಡು ಕಡೆ ಎರಡು ಕಥೆ ಇದ್ದರೆ ಲಾಭ ಎದುರಿನವರಿಗೆ.

ಠಾಣೆಯಲ್ಲಿ

ದೂರು ಅದೇ ದಿನ ಕೊಡಿ, ಆಗದಿದ್ದರೆ ಮರುದಿನ. ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದರೆ ಪೊಲೀಸರು ಹಾಸಿಗೆಯ ಪಕ್ಕದಲ್ಲೇ ಹೇಳಿಕೆ ಪಡೆಯುತ್ತಾರೆ. ಇಲ್ಲದಿದ್ದರೆ ಮನೆಯವರೋ ಕಣ್ಣಾರೆ ಕಂಡವರೋ ದೂರು ಕೊಡಬಹುದು. ತಡವಾದ ಮಾತ್ರಕ್ಕೆ ಕೇಸ್ ಸಾಯುವುದಿಲ್ಲ, ಆಸ್ಪತ್ರೆಯ ಓಡಾಟವೇ ಅದಕ್ಕೆ ಕಾರಣ ಎಂದು ಸುಪ್ರೀಂ ಕೋರ್ಟೇ ಒಪ್ಪಿದ ತೀರ್ಪುಗಳಿವೆ. ಆದರೂ ತಡವಾಗಿದ್ದರೆ ಏಕೆ ತಡವಾಯಿತು ಎಂಬುದನ್ನು ದೂರಿನಲ್ಲೇ ಒಂದು ಸಾಲು ಬರೆಯಿಸಿ.

2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಜಾಗರೂಕ ಚಾಲನೆಗೆ ಕಲಂ 281, ಗಾಯಕ್ಕೆ ಕಲಂ 125. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಪಡೆದ ತಕ್ಷಣ ಓದಿ: ದಿನಾಂಕ, ಸಮಯ, ವಾಹನದ ನಂಬರ್, ಯಾರ ತಪ್ಪು. ತಪ್ಪಿದ್ದರೆ ಆಗಲೇ ಲಿಖಿತವಾಗಿ ತಿಳಿಸಿ. ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇನ್ನು ರಾಜಿಯ ವಿಷಯ. ಗುದ್ದಿದವರು ಆಸ್ಪತ್ರೆಗೇ ಬರುತ್ತಾರೆ, ಹಣ್ಣು ತರುತ್ತಾರೆ, "ಕೇಸ್ ಯಾಕೆ ಸಾರ್, ಖರ್ಚು ನಾವೇ ನೋಡ್ಕೊಳ್ತೀವಿ" ಅನ್ನುತ್ತಾರೆ. ಅವರು ನಿಜವಾಗಿಯೂ ಒಳ್ಳೆಯವರೇ ಇರಬಹುದು. ಆದರೆ ಮುರಿದ ಮೂಳೆ ಕೂಡುತ್ತದೋ ಇಲ್ಲವೋ ಎಂಬುದು ಆ ದಿನ ಡಾಕ್ಟರಿಗೇ ಗೊತ್ತಿರುವುದಿಲ್ಲ, ಅಲ್ವಾ? ಎರಡನೇ ಆಪರೇಷನ್ ಬಂದಾಗ ಆ ಮಾತು ಯಾರಿಗೂ ನೆನಪಿರುವುದಿಲ್ಲ. ವಾಹನಕ್ಕೆ ವಿಮೆ ಇದ್ದರೆ ಪರಿಹಾರದ ಹಣ ಕೊಡಬೇಕಾದವರು ಸಾಮಾನ್ಯವಾಗಿ ವಿಮಾ ಕಂಪನಿಯವರು. ಇದನ್ನು ಗುದ್ದಿದವರಿಗೆ ಮೆತ್ತಗೆ ತಿಳಿಸಿ ಹೇಳಿ, ಎಷ್ಟೋ ಜನ ಸಮಾಧಾನವಾಗುತ್ತಾರೆ. ಖಾಲಿ ಹಾಳೆಗೆ ಮಾತ್ರ ಯಾರು ಕೇಳಿದರೂ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ.

ಒಂದು ಫೈಲ್ ಮಾಡಿ, ಎಲ್ಲವೂ ಅದರಲ್ಲಿರಲಿ

ಠಾಣೆಯಿಂದ ಬೇಕಾದವು: ಎಫ್‌ಐಆರ್ ಮತ್ತು ದೂರು, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರು ಕೊಡುವ ಪತ್ರ), ಕೊನೆಗೆ ಚಾರ್ಜ್‌ಶೀಟ್. ಜೊತೆಗೆ ಎದುರು ವಾಹನದ ಆರ್‌ಸಿ, ವಿಮಾ ಪಾಲಿಸಿ ಮತ್ತು ಚಾಲಕನ ಡಿಎಲ್ ಪ್ರತಿಗಳು. ಈಗಿನ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ಪರಿಹಾರದ ಅರ್ಜಿ ವಿಚಾರಿಸುವ ಕ್ಲೇಮ್ಸ್ ನ್ಯಾಯಮಂಡಳಿಗೆ ಕಳಿಸಬೇಕು. ಕಳಿಸಿದರಾ ಎಂದು ವಿಚಾರಿಸುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಆಸ್ಪತ್ರೆಯಿಂದ: ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ಫಿಲ್ಮ್‌ಗಳು, ಔಷಧಿ ಚೀಟಿ, ಬಿಲ್. ಒಂದು ಸಣ್ಣ ಕಿವಿಮಾತು. ಮೆಡಿಕಲ್ ಶಾಪ್ ಬಿಲ್ಲಿಗೆ ಅದರ ಡಾಕ್ಟರ್ ಚೀಟಿಯನ್ನೂ ಪಿನ್ ಮಾಡಿಡಿ. ಚೀಟಿ ಇಲ್ಲದ ಬಿಲ್ಲನ್ನು ಕಂಪನಿಯ ವಕೀಲರು ಮೊದಲು ಹಿಡಿಯುತ್ತಾರೆ. ಈ ಥರ್ಮಲ್ ಕಾಗದದ ಬಿಲ್‌ಗಳು ಆರು ತಿಂಗಳಲ್ಲೇ ಮಾಸಿ ಬಿಳಿ ಹಾಳೆಯಾಗುವುದುಂಟು, ಆದ್ದರಿಂದ ತಂದ ದಿನವೇ ಜೆರಾಕ್ಸ್ ಮಾಡಿಸಿ ಫೋಟೊ ತೆಗೆದಿಡಿ. ಆಟೊ, ಟ್ಯಾಕ್ಸಿ, ಫಿಸಿಯೋಥೆರಪಿ, ನೋಡಿಕೊಳ್ಳಲು ಇಟ್ಟ ಆಳಿನ ಸಂಬಳ, ಇವಕ್ಕೂ ಸಾಧ್ಯವಾದಷ್ಟು ಚೀಟಿ ಪಡೆಯಿರಿ. ಮೂಲ ಬಿಲ್‌ಗಳನ್ನು ಆರೋಗ್ಯ ವಿಮೆಯವರಿಗೆ ಕೊಡಬೇಕಾಗಿ ಬಂದರೆ ಅವರಿಂದ ದೃಢೀಕೃತ ಪ್ರತಿ ತೆಗೆದುಕೊಳ್ಳಿ.

ಆದಾಯಕ್ಕೆ: ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ರಜೆಯ ಪತ್ರ. ಕೂಲಿ, ವ್ಯಾಪಾರ, ಒಕ್ಕಲುತನ ಮಾಡುವವರಲ್ಲಿ ಇವು ಇರುವುದಿಲ್ಲ. ಹಾಗಂತ ಆದಾಯ ಸೊನ್ನೆ ಎಂದು ಯಾರೂ ಹಿಡಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ದಾಖಲೆ ಇಲ್ಲದಾಗ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯನ್ನು ನೋಡುವ ರೂಢಿ ಇದೆ. ಮನೆ ನೋಡಿಕೊಳ್ಳುವ ಗೃಹಿಣಿಯ ದುಡಿಮೆಗೂ ಕೋರ್ಟುಗಳು ಬೆಲೆ ಕಟ್ಟುತ್ತವೆ. "ನಾನೇನು ಸಂಪಾದಿಸ್ತಿರಲಿಲ್ಲ" ಎಂದು ಅವರು ತಾವೇ ಹಿಂದೆ ಸರಿಯುವುದು ನೋಡಿದರೆ ಸಂಕಟವಾಗುತ್ತದೆ.

ಮೂರು ದಾರಿ, ಆಯ್ಕೆಯಲ್ಲಿ ಎಚ್ಚರ

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ ಹಿಟ್ ಅಂಡ್ ರನ್ ಯೋಜನೆ ಇದೆ. ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಅಪಘಾತವಾದ ಸ್ಥಳದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಒಂದು ತಿಂಗಳಾದರೂ ವಾಹನ ಪತ್ತೆಯಾಗದಿದ್ದರೆ ಪೊಲೀಸರೇ ಈ ಯೋಜನೆಯ ಬಗ್ಗೆ ಗಾಯಾಳುವಿಗೆ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು ಮೋಟಾರು ವಾಹನ ಕಾಯ್ದೆಯ ಕಲಂ 164. ಇಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ಗೋಜಿಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ, ನಿಗದಿತ ಮೊತ್ತ. ತೀವ್ರ ಗಾಯ ಅಂದರೆ ಮೂಳೆ ಮುರಿತ, ಕೀಲು ತಪ್ಪುವುದು, ಹಲ್ಲು ಮುರಿಯುವುದು, ಕಣ್ಣು ಕಿವಿ ಹೋಗುವುದು, ಇಂಥವು.

ಮೂರನೆಯದು ಅದೇ ಕಾಯ್ದೆಯ ಕಲಂ 166. ಎದುರಿನವರ ಅಜಾಗರೂಕತೆ ತೋರಿಸಬೇಕು. ಮೊತ್ತಕ್ಕೆ ಮಿತಿಯಿಲ್ಲ, ನಿಮಗಾದ ನಷ್ಟ ಎಷ್ಟೋ ಅಷ್ಟು ಕೇಳಬಹುದು. ತಪ್ಪು ನಿಮ್ಮದಲ್ಲ ಎಂಬುದು ಸ್ಪಷ್ಟವಾಗಿದ್ದು ಗಾಯ ದೊಡ್ಡದಾಗಿದ್ದರೆ ದಾರಿ ಇದೇ. ಸಾಬೀತು ಎಂದೊಡನೆ ಹೆದರಬೇಡಿ. ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟು ಇಲ್ಲಿಲ್ಲ, ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಎಂದು ಕಂಡರೆ ಸಾಕು. ಚಾಲಕನ ಮೇಲೆ ಚಾರ್ಜ್‌ಶೀಟ್ ಆಗಿದ್ದರೆ ಅದು ದೊಡ್ಡ ಬಲ.

ಈಗ ಎಚ್ಚರದ ಮಾತು. ವಿಮಾ ಕಂಪನಿಯವರು ಬೇಗ ಬಂದು ಕಲಂ 164ರ ಮೊತ್ತವನ್ನು ಮುಂದಿಟ್ಟು, ನೀವು ಒಪ್ಪಿ ತೆಗೆದುಕೊಂಡರೆ ನಿಮ್ಮ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಕಾಯ್ದೆಯಲ್ಲೇ ಹಾಗಿದೆ. ಸಾಲದ ಒತ್ತಡದಲ್ಲಿದ್ದಾಗ 2.5 ಲಕ್ಷ ದೊಡ್ಡದಾಗಿಯೇ ಕಾಣುತ್ತದೆ. ಮುಂದೆ ಬರುವ ಲೆಕ್ಕ ನೋಡಿ, ಆಮೇಲೆ ತೀರ್ಮಾನಿಸಿ.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ

ಅರ್ಜಿ ಹೋಗುವುದು ಮೋಟಾರು ಅಪಘಾತ ಕ್ಲೇಮ್ಸ್ ನ್ಯಾಯಮಂಡಳಿಗೆ, ಎಲ್ಲರೂ ಎಂಎಸಿಟಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಈ ಕೇಸ್‌ಗಳು ನಡೆಯುತ್ತವೆ, ಉಳಿದ ಕಡೆ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಲಯಗಳಲ್ಲಿ. ಕೇಸಿಗೆ ಎಂವಿಸಿ (ಮೋಟಾರು ವಾಹನ ಕೇಸ್) ಎಂದು ನಂಬರ್ ಬೀಳುತ್ತದೆ. ಅಪಘಾತ ಹುಬ್ಬಳ್ಳಿ ಹತ್ತಿರ ಆಗಿದ್ದು ನೀವು ಮೈಸೂರಿನವರಾದರೆ ಅಲ್ಲಿಗೇ ಹೋಗಬೇಕೆಂದಿಲ್ಲ. ಅಪಘಾತವಾದ ಊರು, ನೀವು ವಾಸಿಸುವ ಅಥವಾ ದುಡಿಯುವ ಊರು, ಪ್ರತಿವಾದಿಯ ಊರು, ಇವುಗಳಲ್ಲಿ ನಿಮಗೆ ಅನುಕೂಲವಾದ ಕಡೆ ಹಾಕಬಹುದು. ಪ್ರತಿವಾದಿಗಳು ಸಾಮಾನ್ಯವಾಗಿ ವಾಹನದ ಮಾಲೀಕರು ಮತ್ತು ವಿಮಾ ಕಂಪನಿ. ಸಾರಿಗೆ ನಿಗಮದ ಬಸ್ಸಾದರೆ ನಿಗಮ.

ಕಾಲಮಿತಿ ಅಪಘಾತದ ದಿನದಿಂದ 6 ತಿಂಗಳು. ಮೊದಲು ಈ ಮಿತಿ ಇರಲಿಲ್ಲ, ಆದ್ದರಿಂದ "ಯಾವಾಗ ಬೇಕಾದ್ರೂ ಹಾಕಬಹುದು" ಎನ್ನುವವರ ಮಾತು ನಂಬಬೇಡಿ. ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಹಾಗಾಗಿ 6 ತಿಂಗಳು ದಾಟಿದ್ದರೂ ಕೈಚೆಲ್ಲಬೇಡಿ, ವಕೀಲರನ್ನು ಕಾಣಿ. ದಾಟದಿದ್ದರೆ ಚಾರ್ಜ್‌ಶೀಟಿಗಾಗಿ ಕಾಯುತ್ತಾ ಕೂರಬೇಡಿ. ಇದ್ದ ಕಾಗದ ಸೇರಿಸಿ ಅರ್ಜಿ ಹಾಕಿ, ಉಳಿದದ್ದನ್ನು ಆಮೇಲೆ ಕೊಡಬಹುದು.

ವಕೀಲರ ವಿಷಯ

ಆಸ್ಪತ್ರೆಯ ವಾರ್ಡಿಗೇ ಬಂದು "ಎಲ್ಲ ನಾವು ನೋಡ್ಕೊಳ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಎನ್ನುವ ಏಜೆಂಟರನ್ನು ದೂರವಿಡಿ. ಪರಿಹಾರದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರಿಗೆ ನಿಷಿದ್ಧ. ಫೀಸು ಎಷ್ಟು ಎಂದು ಮೊದಲೇ ಮಾತಾಡಿ, ಬರೆಯಿಸಿಕೊಳ್ಳಿ. ಎಂವಿಸಿ ಕೇಸ್‌ಗಳನ್ನೇ ಹೆಚ್ಚಾಗಿ ನಡೆಸುವವರನ್ನು ಆರಿಸಿ. ದುಡ್ಡಿನ ತೊಂದರೆ ಇದ್ದರೆ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಮೊತ್ತ ಹೇಗೆ ಬರುತ್ತದೆ

ಜನ ಇದನ್ನು ಅದೃಷ್ಟ ಎಂದುಕೊಳ್ಳುತ್ತಾರೆ. ಅಲ್ಲ, ಇದಕ್ಕೆ ಲೆಕ್ಕವಿದೆ. ನೋವು ಮತ್ತು ಯಾತನೆ, ಆದ ಚಿಕಿತ್ಸಾ ವೆಚ್ಚ, ಮುಂದಿನ ಚಿಕಿತ್ಸೆ, ಊಟ, ಓಡಾಟ ಮತ್ತು ಆರೈಕೆಯ ಖರ್ಚು, ಮಲಗಿದ್ದ ತಿಂಗಳುಗಳ ಆದಾಯ, ಬದುಕಿನ ಸುಖ ಸೌಕರ್ಯದ ನಷ್ಟ, ಹೀಗೆ ಒಂದೊಂದು ಬಾಬ್ತಿಗೂ ಬೇರೆ ಬೇರೆ ಮೊತ್ತ ಬರುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಶಾಶ್ವತ ಅಂಗನ್ಯೂನತೆಯಿಂದ ಮುಂದೆ ಕಳೆದುಕೊಳ್ಳುವ ಆದಾಯ.

ಒಂದು ಉದಾಹರಣೆ ನೋಡೋಣ. ವಯಸ್ಸು 34, ತಿಂಗಳ ಆದಾಯ 15,000 ರೂಪಾಯಿ, ದುಡಿಯುವ ಶಕ್ತಿಯಲ್ಲಿ ಕಳೆದುಹೋದದ್ದು ಶೇ. 20. ಸುಪ್ರೀಂ ಕೋರ್ಟ್ 2009ರಲ್ಲಿ ವಯಸ್ಸಿಗೆ ತಕ್ಕ ಗುಣಕಗಳ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆಗಳ) ಪಟ್ಟಿ ಕೊಟ್ಟಿದೆ: 25 ವರ್ಷದೊಳಗೆ 18, 31ರಿಂದ 35ಕ್ಕೆ 16, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತಾ ಹೋಗುತ್ತದೆ. ಲೆಕ್ಕ: 15,000 × 12 × 16 × ಶೇ. 20, ಅಂದರೆ 5,76,000 ರೂಪಾಯಿ. ಸ್ವಂತ ದುಡಿಮೆಯ, 40ರೊಳಗಿನ ವ್ಯಕ್ತಿಗೆ ಭವಿಷ್ಯದ ಆದಾಯ ಏರಿಕೆ ಎಂದು ಶೇ. 40 ಸೇರಿಸಿದರೆ ಅದೇ ಲೆಕ್ಕ 8,06,400 ಆಗುತ್ತದೆ. ಇದು ಒಂದೇ ಬಾಬ್ತು, ಉಳಿದವು ಇದರ ಮೇಲೆ.

ಹಾಗಾದರೆ ಆ ಶೇ. 20 ಎಲ್ಲಿಂದ ಬಂತು? ಜಗ್ಗಾಟ ನಡೆಯುವುದು ಇಲ್ಲೇ. ಡಾಕ್ಟರು ಕೊಡುವುದು ಒಂದು ಅಂಗದ ನ್ಯೂನತೆ, ಉದಾಹರಣೆಗೆ ಬಲಗಾಲಿಗೆ ಶೇ. 42. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ. 14 ಎಂದು ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಆದರೆ ಕೋರ್ಟ್ ಅಲ್ಲಿಗೇ ನಿಲ್ಲಬೇಕಿಲ್ಲ, ಕಸುಬು ನೋಡಿ ಅದನ್ನು ಶೇ. 20ಕ್ಕೆ ಏರಿಸಲೂಬಹುದು. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ನೋಡಬೇಕಾದದ್ದು ಆ ಗಾಯ ಆ ಮನುಷ್ಯನ ಕಸುಬಿಗೆ ಮಾಡಿದ ಹಾನಿ. ಎಡಗೈ ಕಳೆದುಕೊಂಡ ಚಾಲಕನಿಗೋ ಬಡಗಿಗೋ ದುಡಿಮೆ ಬಹುತೇಕ ಪೂರ್ತಿ ಹೋದಂತೆ, ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆದ್ದರಿಂದ ನಿಮ್ಮ ಕೆಲಸ ಏನು, ಅದರಲ್ಲಿ ಏನೇನು ಮಾಡಬೇಕಿತ್ತು, ಈಗ ಏನು ಆಗುತ್ತಿಲ್ಲ ಎಂಬುದನ್ನು ವಕೀಲರಿಗೆ ಬಿಡಿಸಿ ಹೇಳಿ. ಗಾರೆ ಕೆಲಸದವರಾದರೆ ಏಣಿ ಹತ್ತಲು ಆಗುತ್ತಿಲ್ಲ, ಕುಕ್ಕರಗಾಲಲ್ಲಿ ಕೂರಲು ಆಗುತ್ತಿಲ್ಲ, ತಲೆ ಮೇಲೆ ಭಾರ ಹೊರಲು ಆಗುತ್ತಿಲ್ಲ. ಸುಮ್ನೆ "ಕಾಲು ನೋವು" ಎಂದರೆ ಕಾಲು ನೋವಿಗೆ ಸಿಗುವಷ್ಟೇ ಸಿಗುತ್ತದೆ.

ನ್ಯೂನತೆಯ ಪ್ರಮಾಣಪತ್ರ ಕೊಟ್ಟ ಡಾಕ್ಟರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಚಿಕಿತ್ಸೆ ಕೊಟ್ಟವರೇ ಆದರೆ ಒಳ್ಳೆಯದು. ಮೊದಲೇ ಅವರನ್ನು ಕೇಳಿಡಿ.

ವಿಚಾರಣೆಯಲ್ಲಿ ಎದುರಾಗುವ ಮಾತುಗಳು

ನೀವು ಅಫಿಡವಿಟ್ ಮೂಲಕ ಹೇಳಿಕೆ ಕೊಡುತ್ತೀರಿ, ಕಂಪನಿಯ ವಕೀಲರು ಪಾಟೀ ಸವಾಲು ಮಾಡುತ್ತಾರೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನೋವನ್ನು ಹಿಗ್ಗಿಸಿ ಹೇಳಬೇಡಿ, ನಿಜ ಹೇಳುವವರ ಮಾತಿಗೆ ತೂಕ ಜಾಸ್ತಿ.

"ನಿಮ್ಮ ತಪ್ಪೂ ಇದೆ" ಎಂಬ ವಾದ ಬಂದೇ ಬರುತ್ತದೆ. ಅದು ಒಪ್ಪಿಗೆಯಾದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ, ಅರ್ಜಿ ಪೂರ್ತಿ ಬೀಳುವುದಿಲ್ಲ. ಹೆಲ್ಮೆಟ್ ಇರಲಿಲ್ಲ ಎಂಬ ಮಾತಿಗೆ ತಲೆಗೆ ಪೆಟ್ಟಾಗಿದ್ದರೆ ಬೆಲೆ, ಕಾಲು ಮುರಿದವರಿಗೆ ಅದನ್ನು ಹೇಳಿ ಏನು ಬಂತು? ನಿಮ್ಮಲ್ಲಿ ಡಿಎಲ್ ಇರಲಿಲ್ಲ ಎಂದ ಮಾತ್ರಕ್ಕೆ ಅಪಘಾತ ನಿಮ್ಮಿಂದ ಆಯಿತು ಎಂದಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದವರಿಗಂತೂ ದಾರಿ ಇನ್ನೂ ಸುಲಭ: ಎರಡು ವಾಹನಗಳ ತಪ್ಪೂ ಸೇರಿ ಅಪಘಾತವಾಗಿದ್ದರೆ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು.

ಎದುರು ಚಾಲಕನಿಗೆ ಸರಿಯಾದ ಡಿಎಲ್ ಇರಲಿಲ್ಲ ಎಂದು ಕಂಪನಿ ಜಾರಿಕೊಳ್ಳಲು ನೋಡಬಹುದು. ಇಂಥ ಎಷ್ಟೋ ಕೇಸ್‌ಗಳಲ್ಲಿ ಮೊದಲು ಗಾಯಾಳುವಿಗೆ ಹಣ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಆದೇಶಗಳಾಗಿವೆ. ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ಮಾತ್ರ ಕಷ್ಟ. ಆಗ ಹೊಣೆ ಮಾಲೀಕನದು, ಅವನ ಆಸ್ತಿಯ ವಿವರ ಕಲೆಹಾಕುವ ಕೆಲಸ ನಿಮ್ಮದು.

ಲೋಕ ಅದಾಲತ್

ಕಂಪನಿ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಹಣವೂ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ್ದರ ಮೇಲೆ ಮೇಲ್ಮನವಿ ಇಲ್ಲ. ಹೋಗುವ ಮುಂಚೆ ಮೇಲಿನ ಲೆಕ್ಕವನ್ನು ನೀವೇ ಒಮ್ಮೆ ಹಾಕಿ ನೋಡಿ. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯಾದರೆ ಒಪ್ಪುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಅರ್ಧಕ್ಕೂ ಇಳಿದರೆ ಬೇಡ. ಇನ್ನೊಂದು ಆಪರೇಷನ್ ಬಾಕಿ ಇದ್ದರೆ ಅದು ಮುಗಿಯುವವರೆಗೆ ರಾಜಿಗೆ ಕೂರದಿರುವುದೇ ಒಳ್ಳೆಯದು.

ಹಣ ಕೈಗೆ ಬರುವುದು

ತೀರ್ಪಿನ ಮೊತ್ತಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 6. ಹಣ ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೇ ಹೋಗಬೇಕೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಪಾಸ್‌ಬುಕ್, ಆಧಾರ್, ಪಾನ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಪಾಸ್‌ಬುಕ್, ಚೆಕ್‌ಬುಕ್, ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ, ಯಾರಿಗೂ ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡಿ. ಒಂದು ಭಾಗವನ್ನು ಠೇವಣಿ ಇಡಲು ನ್ಯಾಯಮಂಡಳಿ ಹೇಳಬಹುದು. ನಡುವೆ ಚಿಕಿತ್ಸೆಗೋ ಮಕ್ಕಳ ಓದಿಗೋ ಬೇಕಾದರೆ ಕಾರಣ ತೋರಿಸಿ ಬಿಡಿಸಿಕೊಳ್ಳಲು ಅರ್ಜಿ ಕೊಡಬಹುದು.

ಕಂಪನಿ ಹಣ ಕಟ್ಟದೆ ಎಳೆದಾಡಿದರೆ ಅದೇ ನ್ಯಾಯಮಂಡಳಿಯಲ್ಲಿ ಜಾರಿ ಅರ್ಜಿ ಹಾಕಿ. ಮೊತ್ತ ಕಡಿಮೆಯಾಯಿತು ಅನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆಯೋ ಅಲ್ಲಿಗೆ. ತೀರ್ಪಿನ ದೃಢೀಕೃತ ಪ್ರತಿಗೆ ಅದೇ ವಾರ ಅರ್ಜಿ ಹಾಕಿಬಿಡಿ, ಎಷ್ಟೋ ದಿನ ಆ ಪ್ರತಿಗೆ ಕಾಯುವುದರಲ್ಲೇ ಕಳೆದುಹೋಗುತ್ತವೆ.